ತೊಳೆದು ತನ್ನಿ

ನನ್ನ ಜೀಪಿಗೆ ಏನಾಗಿದೆ ಎಂಬುದು ನನಗೆ ತಿಳಿದದ್ದು ಗಲ್ಫಿನಿಂದ. ಜೀಪು ಇದ್ದದ್ದು ಮುಳ್ಳೇರಿಯದ ಗ್ಯಾರೇಜಿನಲ್ಲಿ. ನಾನು ಇದ್ದದ್ದೂ ಅಲ್ಲೇ, ಅದರಿಂದ ಒಂದು ಮಾರು ದೂರದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಗಾಡಿಯ ಅಡಿಯಿಂದ ಎದ್ದು ಬಂದ ಮೆಕ್ಯಾನಿಕ್ ಕೈ ಒರೆಸಿಕೊಂಡ, ನನ್ನನ್ನು ನೋಡಿ ಒಂದು ನಗೆ ನಕ್ಕ, ಆಮೇಲೆ ಮರೆಗೆ ಹೋಗಿ ಫೋನಿನಲ್ಲಿ ನನ್ನ ಗಂಡನಿಗೆ ಧ್ವನಿ ಸಂದೇಶ ಕಳಿಸಿದ. ನಾನು ಮನೆ ಮುಟ್ಟುವಷ್ಟರಲ್ಲಿ ಗಂಡ ಫೋನು ಮಾಡಿದ. "ಗಾಡಿ ತುಂಬ ಎತ್ತರ ಆಯ್ತಂತೆ. ದೊಡ್ಡ ಟಯರಿಂದಲೇ ಸ್ಟೇರಿಂಗ್ ನಡುಗುದಂತೆ. ಮೊದಲಿನ ಹಾಗೆ ಇಳಿಸುವ, ಆಯ್ತಾ?"

ಗಾಡಿ ಓಡಿಸುವವಳು ನಾನು. ನಡುಗುವ ಸ್ಟೇರಿಂಗ್ ಹಿಡಿದು ತೋಳು ನೋಯಿಸಿಕೊಂಡವಳೂ ನಾನು. ರೋಗಿಯನ್ನು ಕೂರಿಸಿಕೊಂಡು ಪಕ್ಕದ ಮನೆಯವರಿಗೆ ಕಾಯಿಲೆ ಹೇಳಿ ಕಳಿಸುವ ಈ ಕ್ರಮ ಯಾವ ಊರಿನದ್ದೋ ನನಗೆ ತಿಳಿಯದು. ಮೈ ಉರಿದುಹೋಯಿತು.

ಆ ಜೀಪನ್ನು ಎತ್ತರ ಮಾಡಿಸಿದ್ದು ಇದೇ ಗಂಡ. ಎರಡು ರಜೆಯ ಹಿಂದೆ ಊರಿಗೆ ಬಂದಿದ್ದಾಗ ಹಳೆಯ ಜೀಪೊಂದನ್ನು ಕೊಂಡು, ಅದರ ಸ್ಪ್ರಿಂಗ್ ಎಬ್ಬಿಸಿ, ರಾಕ್ಷಸ ಗಾತ್ರದ ಟಯರು ಹಾಕಿಸಿ, ಕಾಗದಪತ್ರ ಸರಿ ಮಾಡಿಸಿ, ಮಳೆಗಾಲದಲ್ಲಿ ಗೆಳೆಯರ ಜೊತೆ ಕೆಸರಲ್ಲಿ ಹೊರಳಾಡಿ, ರಜೆ ಮುಗಿದ ಕೂಡಲೇ ವಿಮಾನ ಹತ್ತಿದ. ಜೀಪು ಅಂಗಳದಲ್ಲಿ ಉಳಿಯಿತು. ಹತ್ತಬೇಕಾದರೆ ನಾನು ಸೀರೆ ಬಿಟ್ಟು ಚೂಡಿದಾರಕ್ಕೆ ಬರಬೇಕಾಯಿತು. ಶಾಪ ಹಾಕುತ್ತಲೇ ಓಡಿಸಲು ಕಲಿತೆ.

ಆಮೇಲೆ ಅದಕ್ಕೆ ಒಂದು ಕೆಲಸ ಸಿಕ್ಕಿತು. ನಮ್ಮ ಮನೆಯಿಂದ ಮೇಲೆ, ಗುಡ್ಡದ ತುದಿಯ ಮನೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹುಡುಗಿ ಎನ್ನುತ್ತೇವೆ, ಇಪ್ಪತ್ತು ದಾಟಿದೆ. ಹುಟ್ಟಿದಂದಿನಿಂದ ಕೂರಲಾರಳು, ಮಾತಿಲ್ಲ, ಕುತ್ತಿಗೆ ನಿಲ್ಲುವುದಿಲ್ಲ. ಗೇರು ತೋಟಕ್ಕೆಂದು ವರ್ಷಗಟ್ಟಲೆ ಆಕಾಶದಿಂದ ವಿಷ ಸುರಿದ ಎಣ್ಮಕಜೆಯ ನಮ್ಮ ಕಡೆ ಇಂಥ ಮನೆಗಳನ್ನು ಯಾರೂ ಬೆರಳು ಮಾಡಿ ತೋರಿಸುವುದಿಲ್ಲ, ತೋರಿಸಿ ಮುಗಿಯುವುದಿಲ್ಲ. ಮುಳ್ಳೇರಿಯದಲ್ಲಿ ವಾರಕ್ಕೊಮ್ಮೆ ಅವಳ ಕೈಕಾಲಿಗೆ ವ್ಯಾಯಾಮ ಮಾಡಿಸುವವರಿದ್ದಾರೆ. ಆದರೆ ಆ ಮನೆಗೆ ಹೋಗುವ ದಾರಿ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯ ಹೊಂಡ ಕೆಸರಿನ ನಡುವಿನಿಂದ. ಆಟೋ ಹತ್ತುವುದಿಲ್ಲ, ಆಂಬುಲೆನ್ಸ್ ಕೆಳಗೆ ರಸ್ತೆಯಲ್ಲೇ ನಿಲ್ಲುತ್ತದೆ. ಹತ್ತುವುದು ನನ್ನ ಜೀಪೊಂದೇ, ಅದೂ ಅದರ ಎತ್ತರದಿಂದ. ಹಿಂದಿನ ಸೀಟು ಕೀಳಿಸಿ, ಹಲಗೆ ಹಾಕಿಸಿ, ಹಾಸಿಗೆ ಹಾಸಿದೆ. ಬೀಡಿ ಕಟ್ಟುವ ಅವಳ ತಾಯಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮಗಳ ತಲೆ ಹಿಡಿದುಕೊಳ್ಳುತ್ತಾಳೆ. ಹೀಗೆ ಹೋಗಲು ಶುರು ಮಾಡಿದ ಮೇಲೆ ಸದಾ ಬಿಗಿದಿರುತ್ತಿದ್ದ ಹುಡುಗಿಯ ಎಡ ಮುಷ್ಟಿ ನಿಧಾನಕ್ಕೆ ಬಿಚ್ಚಿತು. ಈಗ ತಾಯಿಯ ಬೆರಳು ಹಿಡಿಯುತ್ತಾಳೆ. ಜೀಪು ಇಳಿಸಿದರೆ ಅದೆಲ್ಲ ನಿಂತಿತು ಎಂದೇ ಅರ್ಥ.

ಹೋಗುವಾಗ ಜೀಪು ಸುಮ್ಮನಿರುತ್ತಿತ್ತು. ವ್ಯಾಯಾಮ ಮುಗಿಸಿ ಬರುವಾಗ, ಪೇಟೆ ದಾಟಿ ನೇರ ರಸ್ತೆಯಲ್ಲಿ ಸ್ವಲ್ಪ ವೇಗ ಸಿಕ್ಕಿತೋ ಇಲ್ಲವೋ, ಸ್ಟೇರಿಂಗ್ ಚಳಿಜ್ವರ ಬಂದಂತೆ ಗಡಗಡ ನಡುಗುತ್ತಿತ್ತು. ಹಲಗೆ, ಹಾಸಿಗೆ, ನನ್ನ ಹಲ್ಲು, ಎಲ್ಲವೂ ಕುಣಿಯುತ್ತಿದ್ದವು. ತಾಯಿ ದೇವರನ್ನು ಕರೆಯುತ್ತಿದ್ದಳು. ಹುಡುಗಿ ಮಾತ್ರ ನಗುತ್ತಿದ್ದಳು. ಗಂಟಲಿನಿಂದ ಉಕ್ಕಿ ಬರುವ ದೊಡ್ಡ ನಗೆ. ನನಗೆ ಆಗ ಅದನ್ನು ಕೇಳುವ ವ್ಯವಧಾನ ಎಲ್ಲಿತ್ತು?

ಈ ಮೆಕ್ಯಾನಿಕ್‌ನದ್ದು ಒಂದು ಕಟ್ಟುನಿಟ್ಟು. ತೊಳೆಯದ ಗಾಡಿಯನ್ನು ಮುಟ್ಟುವುದಿಲ್ಲ. ನಮ್ಮ ಕಡೆಯ ಕೆಂಪು ಕೆಸರು ಅಡಿಯಲ್ಲಿ ಮಲಗಿದವನ ಕಣ್ಣಿಗೇ ಬೀಳುತ್ತದಂತೆ. ಫೋನು ಮಾಡಿದರೆ ಮೊದಲ ಮಾತೇ "ತೊಳೆದು ತನ್ನಿ ಅಕ್ಕ". ನಮಗೂ ಅದೇ ಮರ್ಯಾದೆ. ಡಾಕ್ಟರ ಹತ್ತಿರ ಹೋಗುವ ಮೊದಲು ಸ್ನಾನ ಮಾಡುವ ಜನ ನಾವು. ಹಾಗಾಗಿ ಪ್ರತಿ ಸಲವೂ ನಾನು ಪೈಪು ಹಿಡಿದು, ತೆಂಗಿನ ಕತ್ತದಲ್ಲಿ ಉಜ್ಜಿ, ಚಕ್ರದ ಒಳಗೆಲ್ಲ ಕೈ ಹಾಕಿ ತೊಳೆದು, ಮದುಮಗಳನ್ನು ಕರೆದೊಯ್ಯುವಂತೆ ಒಯ್ಯುತ್ತಿದ್ದೆ. ಅವನು ಓಡಿಸಿ ನೋಡಿದರೆ ನಡುಕವೇ ಇಲ್ಲ!

"ನೀವು ಹೆದರಿ ಸ್ಟೇರಿಂಗ್ ಗಟ್ಟಿ ಹಿಡಿಯುದು ಅಕ್ಕ, ಅದಕ್ಕೆ ಹಾಗೆ ಆಗುದು," ಎಂದ ಮೊದಲ ಸಲ. ಮುಂದಿನ ಸಲ ಬೇರಿಂಗ್ ಬದಲಿಸಿದ. ಆಮೇಲೆ ಸ್ಟೇರಿಂಗಿನ ಕೀಲು ಬದಲಿಸಿದ. ಮತ್ತೆ ಕೋರೆಯ ದಾರಿ, ಮತ್ತೆ ನಡುಕ. ಕೊನೆಗೆ ಬಂದದ್ದು ಗಲ್ಫಿನ ಮಾರ್ಗವಾಗಿ ಈ ತೀರ್ಪು: ಇಳಿಸಿ.

"ಇಳಿಸಿದರೆ ಗುಡ್ಡ ಹತ್ತುವುದು ಹೇಗೆ?" ಎಂದೆ ಗಂಡನಿಗೆ.

"ಅವ ಮೆಕ್ಯಾನಿಕ್ ಮಾರಾಯ್ತಿ. ಅವನಿಗೆ ಗೊತ್ತುಂಟು. ನಿನ್ನದು ಎಂತ ವಾದ?"

ನನ್ನದು ಎಂಥ ವಾದ ಎಂದು ತೋರಿಸಿಯೇ ಬಿಡುವ ಹಟ ಬಂತು. ಮುಂದಿನ ವಾರ ವ್ಯಾಯಾಮ ಮುಗಿಯುವವರೆಗೆ ಜೀಪನ್ನು ಬಿಸಿಲಲ್ಲಿ ನಿಲ್ಲಿಸಿ, ತೊಳೆಯದೆ, ಹುಡುಗಿ ಮತ್ತು ತಾಯಿಯನ್ನು ಹಿಂದೆ ಕೂರಿಸಿಕೊಂಡೇ ನೇರ ಗ್ಯಾರೇಜಿಗೆ ಹೋದೆ. ಕಿಟಕಿಯವರೆಗೂ ಕೆಸರು ಒಣಗಿತ್ತು. ಮೆಕ್ಯಾನಿಕ್ ಸಗಣಿ ಮೆಟ್ಟಿದವನ ಹಾಗೆ ಹಿಂದೆ ಸರಿದ.

"ಎಂತ ಅಕ್ಕ ಇದು! ಮೊದಲು ತೊಳೆದು ತನ್ನಿ."

"ತೊಳೆಯುದಿಲ್ಲ. ಅಡಿಗೆ ಹೋಗುದು ಬೇಡ. ಹತ್ತಿ, ಓಡ್ಸಿ."

"ಅಣ್ಣನಿಗೆ ಎಲ್ಲ ಹೇಳಿದ್ದೇನಲ್ಲ ಮಾರಾಯ್ರೆ."

"ಅಣ್ಣ ಇಲ್ಲಿ ಇಲ್ಲ. ನಾನು ಇಲ್ಲಿ ಇದ್ದೇನೆ."

ಹತ್ತಿದ. ನೇರ ರಸ್ತೆ ಸಿಕ್ಕಿತು. ಸ್ಟೇರಿಂಗ್ ಹಿಡಿದ ಅವನ ಕೈ, ಗಲ್ಲ, ಕಿವಿ, ಎಲ್ಲ ಗಡಗಡ ನಡುಗಿದವು. ಹಿಂದಿನಿಂದ ಹುಡುಗಿಯ ನಗೆ ಉಕ್ಕಿತು. ನನಗೂ ಜೀವನದಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಅವನು ಬದಿಗೆ ನಿಲ್ಲಿಸಿ ಬೆವರು ಒರೆಸಿಕೊಂಡು ಹೇಳಿದ, "ನೋಡಿದ್ರಾ? ನಾನು ಹೇಳ್ಲಿಲ್ವಾ, ದೊಡ್ಡ ಟಯರಿಂದಲೇ."

ತಲೆ ಚಚ್ಚಿಕೊಳ್ಳುವುದು ಬಾಕಿ. ನಾನು ಕೆಳಗಿಳಿದೆ. ಹೆದರಿ ಗಟ್ಟಿ ಹಿಡಿಯುವುದು ಸುಳ್ಳಾಯಿತು, ಬೇರಿಂಗ್ ಹೊಸತು, ಕೀಲು ಹೊಸತು, ಟಯರು ಯಾವತ್ತೂ ಇರುವುದೇ. ಬೇರೆ ಸಲ ಗ್ಯಾರೇಜಿಗೆ ಬರುವಾಗ ಇಲ್ಲದ್ದು, ಇವತ್ತು ಇರುವಂಥದ್ದು ಯಾವುದು? ಕೆಸರು. ರಸ್ತೆ ಬದಿಯಲ್ಲಿ ಮಂಡಿಯೂರಿ ಮುಂದಿನ ಚಕ್ರದ ಒಳಮೈಗೆ ಕೈ ಹಾಕಿದೆ. ಹೋಗುವಾಗ ಹಸಿಯಿದ್ದ ಕೋರೆಯ ಮಣ್ಣು ಜೀಪು ನಿಂತಲ್ಲೇ ಅಡಿಗೆ ಇಳಿದು, ಬಟ್ಟಲಿನಂಥ ಕಬ್ಬಿಣಕ್ಕೆ ಒಂದೇ ಬದಿಯಲ್ಲಿ ಮೆತ್ತಿ, ಬಿಸಿಲಿಗೆ ಒಣಗಿ, ಹಂಚಿನ ಹಾಗೆ ಗಟ್ಟಿಯಾಗಿತ್ತು. ಒಂದು ಬದಿ ಅಷ್ಟು ಭಾರ ಹೊತ್ತ ಚಕ್ರ ನಡುಗದೆ ಇನ್ನೇನು ಮಾಡೀತು? ಸ್ಪ್ಯಾನರ್ ಹಾಕಿ ಎಬ್ಬಿಸಿದೆ. ಅಂಗೈಗಿಂತ ದಪ್ಪದ ಹೆಂಟೆ ಅವನ ಕಾಲ ಬುಡಕ್ಕೆ ಬಿತ್ತು. ಇನ್ನೊಂದು ಚಕ್ರದಿಂದಲೂ ತೆಗೆದೆ. ಪ್ರತಿ ಸಲ ನಾನೇ ಕತ್ತ ಹಿಡಿದು ರೋಗವನ್ನು ತೊಳೆದು, ರೋಗಿಯನ್ನು ಇವನಿಗೆ ತೋರಿಸುತ್ತಿದ್ದೆ!

ಅವನು ಹೆಂಟೆಯನ್ನು ಕಾಲಲ್ಲಿ ಸರಿಸಿ ನೋಡಿದ. ಆಮೇಲೆ ಹೇಳಿದ, "ಅದಕ್ಕೇ ಅಕ್ಕ ನಾನು ಹೇಳುದು, ತೊಳೆದು ತನ್ನಿ ಅಂತ."

ಅವನನ್ನು ಗ್ಯಾರೇಜಿನಲ್ಲಿ ಇಳಿಸಿ ಹೊರಟೆ. ನೇರ ರಸ್ತೆಯಲ್ಲಿ ಜೀಪು ಬೆಣ್ಣೆಯ ಹಾಗೆ ಓಡಿತು. ಗೆದ್ದೆ ಎಂದುಕೊಂಡೆ. ಹಿಂದೆ ಸದ್ದೇ ಇರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹುಡುಗಿ ಕಣ್ಣು ಅಗಲ ಮಾಡಿ, ಉಸಿರು ಬಿಗಿ ಹಿಡಿದು ಏನನ್ನೋ ಕಾಯುತ್ತಿದ್ದಳು. ರಸ್ತೆ ಮುಗಿದು ಜೀಪು ಗುಡ್ಡದ ಕಡೆ ತಿರುಗಿದಾಗ ಅವಳ ಮುಖ ಬಾಡಿತು. ಬಿಚ್ಚಿದ್ದ ಎಡಗೈ ಮತ್ತೆ ಮುಚ್ಚಿತು.

"ನಡುಗುದು ನಿಂತಿತಲ್ಲ ಅಕ್ಕ, ಅವಳಿಗೆ ಬೇಜಾರಾಯ್ತು," ಎಂದಳು ತಾಯಿ, ತಪ್ಪು ತನ್ನದೆಂಬಂತೆ.

ಈಗ ಪ್ರತಿ ವಾರ ವ್ಯಾಯಾಮ ಮುಗಿದ ಮೇಲೆ ಚಕ್ರದ ಮಣ್ಣು ಕೆರೆದು ತೆಗೆಯುತ್ತೇನೆ. ನೇರ ರಸ್ತೆ ಬಂದಾಗ ವೇಗ ಇಳಿಸಿ, ಹಿಂದೆ ಮುಂದೆ ನೋಡಿ, ಎಡ ಬದಿಯ ಚಕ್ರಗಳನ್ನು ಡಾಮರಿನ ಅಂಚಿನಿಂದ ಜಲ್ಲಿಗೆ ಇಳಿಸುತ್ತೇನೆ. ಗಡಗಡ. ತೋಳು ಈಗಲೂ ನೋಯುತ್ತದೆ. ಒಂದು ದಿನ ಬೈಕಿನಲ್ಲಿ ಹೋಗುತ್ತಿದ್ದ ಮೆಕ್ಯಾನಿಕ್ ಅದನ್ನು ನೋಡಿದನಂತೆ. ಜೀಪು ಗುಡ್ಡ ಹತ್ತುವ ಮೊದಲೇ ಗಂಡನ ಫೋನು.

"ಗಾಡಿ ಎಡಕ್ಕೆ ಎಳಿತದಂತೆ. ಎತ್ತರ ಜಾಸ್ತಿ ಆದ್ದಕ್ಕೇ ಅಂತೆ. ಇಳಿಸುವ ಅಲ್ವಾ?"

"ಎಳೆಯುದು ಗಾಡಿ ಅಲ್ಲ, ನಾನು," ಎಂದೆ.

"ಎಂತದು? ಕೇಳುದಿಲ್ಲ. ಅಲ್ಲಿ ಯಾರು ಅಷ್ಟು ನಗುದು?"