ಬರ್ಕ್ಲಿಯಲ್ಲಿ ಕೇಳಿದ ಒಂದು ಪ್ರಶ್ನೆ

ಹೋದ ವರ್ಷ ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ, ಅಮೆರಿಕದ ಬರ್ಕ್ಲಿಯಲ್ಲಿ ನಡೆದ ಹಳೆಯ ಜಪಾನಿ ಚಿತ್ರಸುರುಳಿಗಳ ಪ್ರದರ್ಶನದಲ್ಲಿ, ತುಟಿ ಬಿಚ್ಚದ ಒಬ್ಬ ವೃದ್ಧರ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇಂಥದ್ದನ್ನು ನಾನು ನಂಬುವವನಲ್ಲ. ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದಾಗ ಇಂಥ ಬರಹ ಬಂದರೆ ಬುಟ್ಟಿಗೆ ಹಾಕುತ್ತಿದ್ದೆ.

ಆಗ ನಾನು ಇಲ್ಲಿನ ಕನ್ನಡಿಗರ ಸಣ್ಣ ಮಾಸಪತ್ರಿಕೆಯೊಂದನ್ನು ನೋಡಿಕೊಳ್ಳುತ್ತಿದ್ದೆ. ಅದರ ಮಕ್ಕಳ ಕವನ ಸ್ಪರ್ಧೆಯಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಗೆದ್ದಿದ್ದಳು. ಅವಳ ಕವನವನ್ನು ಶನಿವಾರದ ಕನ್ನಡ ತರಗತಿಯ ನಸ್ರೀನ್ ಟೀಚರೇ ಬರೆದುಕೊಟ್ಟಿದ್ದಾರೆಂದು ಕೆಲವು ಪಾಲಕರು ದೂರಿದರು. ಹಾಳೆಯಲ್ಲಿದ್ದದ್ದು ಟೀಚರದೇ ಕೈಬರಹ. ಅವರನ್ನು ತರಗತಿಯಿಂದ ಬಿಡಿಸುವುದೆಂದು ತರಗತಿ ನಡೆಸುವ ಸಮಿತಿಯಲ್ಲಿ ಮಾತಾಗಿತ್ತು. ಈ ದೂರಿನ ಬಗ್ಗೆ ನನ್ನ ವರದಿ ಸಿದ್ಧವಿತ್ತು. ಸೋಮವಾರ ಅಚ್ಚಿಗೆ ಕಳಿಸುವುದಷ್ಟೇ ಬಾಕಿ.

ಪ್ರದರ್ಶನದ ಒಂದು ಸುರುಳಿಯಲ್ಲಿ, ಸಾವಿರ ವರ್ಷಕ್ಕೂ ಹಿಂದೆ ಜಪಾನಿನ ಅರಮನೆಯಲ್ಲಿದ್ದ ಕವಿಯೊಬ್ಬರ ಬದುಕಿನ ಚಿತ್ರಗಳಿದ್ದವು. ವಿದ್ವಾಂಸರ ಮನೆತನದವರು, ಓದಿನ ಬಲದಿಂದಲೇ ಮಂತ್ರಿಪದವಿಗೆ ಏರಿದವರು. ಯಾರೋ ದೊರೆಗೆ ಚಾಡಿ ಹೇಳಿದರು. ದೂರದ ಊರಿಗೆ ಅಟ್ಟಲಾಯಿತು. ಅಲ್ಲೇ ಕವನ ಬರೆಯುತ್ತ ತೀರಿಕೊಂಡರು. ಸತ್ತ ಮೇಲೆ ಪದವಿ ಮರಳಿಸಿ, ಗುಡಿ ಕಟ್ಟಿ, ವಿದ್ಯೆಯ ದೇವರೆಂದರು.

ಪಕ್ಕದಲ್ಲಿ ಕಂದು ಕೋಟಿನ ಜಪಾನಿ ವೃದ್ಧರೊಬ್ಬರು ನಿಂತಿದ್ದರು. ಆ ಕವಿಯ ವಿಚಾರಣೆ ನಡೆದಿತ್ತೇ ಎಂದು ಅವರನ್ನು ಇಂಗ್ಲಿಷಿನಲ್ಲಿ ಕೇಳಿ, ಉತ್ತರ ಬರೆದುಕೊಂಡೆ. ಯಾರು ಯಾವ ಭಾಷೆಯಲ್ಲಿ ಹೇಳುತ್ತಾರೋ ಅದರಲ್ಲೇ ಬರೆದುಕೊಳ್ಳುವುದು ನನ್ನ ರೂಢಿ.

ಕಾರಿನಲ್ಲಿ ನೋಟ್‌ಬುಕ್ ತೆರೆದೆ. ನನ್ನದೇ ಅಕ್ಷರ, ನಮ್ಮ ಕಡೆಯ ಕನ್ನಡ: “ಅವನ್ನ ಯಾರೂ ಕೇಳಲಿಲ್ಲಪ್ಪಾ. ನೀ ಆಕಿನ್ನ ಕೇಳೀಯೇನು?”

“ಆ ಅಜ್ಜಾರು ಬಾಯೇ ತಗೀಲಿಲ್ಲಲ್ರೀ,” ಎಂದಳು ಪ್ರದರ್ಶನಕ್ಕೆ ಜೊತೆಗೆ ಬಂದಿದ್ದ ಹೆಂಡತಿ, ಅದನ್ನು ಓದಿ ಹೇಳಿದಾಗ. “ನೀವೊಬ್ರೇ ತಲಿ ಆಡಿಸ್ಕೋತ ಬರಕೊಳ್ಳಾಕತ್ತಿದ್ರಿ. ಫೋಟೋ ತಗೀಬೇಕಿತ್ತು ನಾ.” ದೂರಿನ ವಿಷಯ ಅವಳಿಗೂ ನಾನು ಹೇಳಿರಲಿಲ್ಲ.

ಮನೆಗೆ ಬಂದವನೇ ನಸ್ರೀನ್ ಟೀಚರಿಗೆ ಫೋನ್ ಮಾಡಿದೆ.

“ಮೂರು ವಾರದಾಗ ನನ್ನ ಕೇಳಿದವ್ರು ನೀವ ಮೊದಲ್ನೇರು ಸರ್. ಪೇಪರ್‌ನವ್ರು ಭಾಳ ಫಾಸ್ಟ್ ಬಿಡ್ರಿ.”

ಹುಡುಗಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕವನವನ್ನು ಟೀಚರು ಕನ್ನಡ ಲಿಪಿಗೆ ಇಳಿಸಿದ್ದರು, ಅಷ್ಟೆ. ಹೊಡೆದು ತಿದ್ದಿದ ಅವಳ ಐದು ಹಾಳೆಗಳ ಚಿತ್ರ ಹತ್ತು ನಿಮಿಷದಲ್ಲಿ ಬಂತು. ವರದಿ ಅಳಿಸಿದೆ.

ನನ್ನ ಅಳುಕೇ ಆ ಮಾತನ್ನು ನನ್ನ ಕೈಯಿಂದ ಬರೆಸಿತು ಎನ್ನಬಹುದು. ಆದರೆ ಅಂದು ನನಗೆ ಅಳುಕೇ ಇರಲಿಲ್ಲ; ಅದೇ ನನ್ನನ್ನು ಇಂದಿಗೂ ಕಾಡುತ್ತದೆ. ಮುಂದಿನ ಭಾನುವಾರ ಆ ವೃದ್ಧರಿಗೆ ಕೃತಜ್ಞತೆ ಹೇಳಲೆಂದೇ ಹೋದೆ, ಸಿಗಲಿಲ್ಲ. ಅವರು ಯಾರೇ ಆಗಿರಲಿ, ನಾನು ಅವರಿಗೆ ಋಣಿ.

ಆ ಹಾಳೆಗಳನ್ನು ನೋಡಿ ಸಮಿತಿ ದೂರನ್ನು ಕೈಬಿಟ್ಟಿತು. ಹೋದ ಶನಿವಾರವೂ ನಸ್ರೀನ್ ಟೀಚರು ತರಗತಿ ನಡೆಸಿದರು. ಆ ಹುಡುಗಿ ಈಗ ಒತ್ತಕ್ಷರದವರೆಗೆ ಬಂದಿದ್ದಾಳೆ.