ಇದ್ದತ್ ಮನೆಗೆ ಹಚ್ಚಿಕೊಂಡು ಹೋದ ಅತ್ತರು

“ಅಜ್ಜೀ, ಇದ್ದತ್ ಮನೆಗೆ ಅತ್ತರ್ ಹಾಕ್ಕಂಡು ಬಂದ್ಬುಟ್ರಾ?” ಎಂದು ಪಕ್ಕದ ಮನೆ ನೂರಳ ಸೊಸೆ ನನ್ನನ್ನು ಬಾಗಿಲಲ್ಲೇ ತಡೆದಳು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವವರೆಗೆ ಸುಗಂಧ ಹಚ್ಚಿಕೊಳ್ಳುವಂತಿಲ್ಲ. ನನಗೆ ಮರೆತೇ ಹೋಗಿತ್ತು. ಚಳಿಗಾಲ ಬಂದರೆ ಸ್ವೆಟರಿಗೆ ಹಚ್ಚುವುದು ನನಗೆ ಅಭ್ಯಾಸ. ಹೊಗೆ, ಸಾಂಬ್ರಾಣಿ ವಾಸನೆಯ ಆ ಕಪ್ಪು ಅತ್ತರನ್ನು ಕೊಟ್ಟಿದ್ದೇ ಶಿರಾ ಪೇಟೆಯಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ ನೂರಳ ಗಂಡ.

ವಾಪಸ್ ಹೊರಟೆ. ಒಳಗಿಂದ ನೂರ್ ಕೂಗಿದಳು: “ಎಲ್ಲಿಗಕ್ಕಾ? ಹಚ್ಕೋಬಾರ್ದು ಅಂತ ಇರೋದು ನಂಗೆ, ನಿಂಗಲ್ಲ. ಬಾ, ಒತ್ತಿಗೆ ಕುಂತ್ಕೋ. ಅವ್ರು ಅಂಗಡಿಯಿಂದ ಬಂದಂಗೈತೆ.”

“ಮೂಗು ಒರೆಸ್ಕಂಡು ಒರಗೇ, ಸ್ವೆಟರ್ ಮೊನ್ನೆ ತಾನೇ ಒಗ್ದಿದೀನಿ” ಎಂದೆ. ನಕ್ಕಳು, ಆಮೇಲೆ ಭುಜಕ್ಕೆ ಮುಖವೊತ್ತಿ ಅತ್ತಳು.

ಇದ್ದತ್ ಮುಗಿದ ಮೇಲೆ ಅತ್ತರಿನ ಸೀಸೆಯನ್ನೇ ಅವಳಿಗೆ ಕೊಡಹೋದೆ. ಬೇಡವೆಂದಳು. ನಾನು ಹಚ್ಚಿಕೊಂಡು ಬಂದು ಪಕ್ಕದಲ್ಲಿ ಕೂರುವುದೇ ಅವಳಿಗೆ ಬೇಕಂತೆ.