ಶಾಂತಕ್ಕನ ವನ್ಸ್ ಮೋರ್

ಪರದೆಯ ಮೇಲಿನ ಗಾಯಕಿ ಹಾಡು ಮುಗಿಸಿದ್ದೇ ತಡ, ಪಕ್ಕದಲ್ಲಿದ್ದ ಗೆಳತಿ ಶಾಂತಕ್ಕ ಎದ್ದು ನಿಂತು "ವನ್ಸ್ ಮೋರ್!" ಎಂದು ಕೂಗಿಬಿಟ್ಟಳು. ಗದಗಿನ ಆ ಟಾಕೀಸೆಲ್ಲ ಗೊಳ್ಳೆಂದು ನಕ್ಕಿತು. ಜೊತೆಗೆ ಬಂದಿದ್ದ ನಾವು ಮೂವರು ಗೆಳತಿಯರೂ ನಕ್ಕೆವು.

"ನಾಟಕ ಅಂದ್ಕೊಂಡೆ ನೋಡವಾ, ಕೂಗಿದ್ರ ಮತ್ತ ಹಾಡ್ತಾಳಂತ," ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕುಳಿತಳು. ಮದುವೆಗೆ ಮುಂಚೆ ಅವಳು ನಾಟಕ ಕಂಪನಿಯಲ್ಲಿ ಹಾಡುತ್ತಿದ್ದಳಂತೆ. ನಾವಂತೂ ಅವಳ ಹಾಡನ್ನು ಒಮ್ಮೆಯೂ ಕೇಳಿರಲಿಲ್ಲ.

ಮುಂಡರಗಿಗೆ ಮರಳುವಾಗ ಬಸ್ಸಿನಲ್ಲಿ ಅದೇ ಹಾಡನ್ನು ಗುನುಗತೊಡಗಿದಳು. ಬರುಬರುತ್ತ ದನಿ ಬಿಚ್ಚಿಕೊಂಡಿತು. ಹಾಡು ಮುಗಿಯಿತು. ಟಿಕೆಟ್ ಕೊಡುವುದನ್ನು ಬಿಟ್ಟು ನಿಂತಿದ್ದ ಕಂಡಕ್ಟರು ಮೆಲ್ಲಗೆ, "ಅಕ್ಕಾರ, ವನ್ಸ್ ಮೋರ್ ರೀ," ಎಂದ.

ಪರದೆಯ ಮೇಲಿನವಳು ಮತ್ತೆ ಹಾಡಿರಲಿಲ್ಲ. ಶಾಂತಕ್ಕ ಹಾಡಿದಳು.